ಮೊರದಗಲದ ಕಾಡು

ಒಂದು ಕಾಡಿನಲ್ಲಿ, ಬೇರು ಕಡಿಯುವವಳೆಂದು ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದ ಮುಳ್ಳುಹಂದಿಯೊಂದು ಇತ್ತು. ಅವಳ ಹೆಸರು ಸೂಜವ್ವ. ಆ ಬೈಗುಳ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಗೆಡ್ಡೆ, ಬೇರು, ತೊಗಟೆ ಇವೇ ಅವಳ ಊಟ. ಆದರೆ ಅವಳಿಗೆ ಇನ್ನೊಂದು ಹುಚ್ಚಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ತನ್ನ ಬಿಲದ ಹಿಂದೆ, ಬಂಡೆಯ ಮರೆಯಲ್ಲಿ, ಅವಳು ಗೇಣುದ್ದದ ಮರಗಳನ್ನು ಸಾಕುತ್ತಿದ್ದಳು.

ಸಸಿಗಳಲ್ಲ, ಮರಗಳು. ಕಾಂಡ ದಪ್ಪ, ತೊಗಟೆ ಒರಟು, ಕೊಂಬೆ ಅಗಲ. ಎಲ್ಲವೂ ದೊಡ್ಡ ಮರದ ಹಾಗೆಯೇ. ಎತ್ತರ ಮಾತ್ರ ಒಂದು ಗೇಣು.

ಇಂಥ ಮರಗಳು ಅವಳಿಗೆ ಸಿಕ್ಕಿದ್ದು ಬಂಡೆಯ ಬಿರುಕುಗಳಲ್ಲಿ. ಹಕ್ಕಿಗಳು ಬಸರಿ ಮರದ ಹಣ್ಣು ತಿಂದು ಬಂಡೆಯ ಮೇಲೆ ಹಿಕ್ಕೆ ಹಾಕುತ್ತಿದ್ದವು. ಬೀಜ ಬಿರುಕಿನಲ್ಲಿ ಮೊಳೆಯುತ್ತಿತ್ತು. ಅಲ್ಲಿ ಮಣ್ಣು ಒಂದು ಹಿಡಿಯೂ ಇರುತ್ತಿರಲಿಲ್ಲ. ಹತ್ತು ವರ್ಷ ಕಳೆದರೂ ಗಿಡ ಗೇಣು ದಾಟುತ್ತಿರಲಿಲ್ಲ. ಆದರೂ ಸಾಯುತ್ತಿರಲಿಲ್ಲ. ಅವುಗಳ ಹಟ ಸೂಜವ್ವನಿಗೆ ಬಹಳ ಹಿಡಿಸಿತ್ತು.

ಆ ಕಾಡಿಗೆಲ್ಲ ಹಿರಿಯಳು ಒಂದು ಹೆಣ್ಣಾನೆ. ಅವಳನ್ನು ಎಲ್ಲರೂ ದೊಡ್ಡವ್ವ ಎಂದು ಕರೆಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಹೊಳೆ ಪೂರ್ತಿ ಬತ್ತಿತ್ತು. ದೊಡ್ಡವ್ವ ಮರಳಿನಲ್ಲಿ ಗುಂಡಿ ತೋಡಿ ಒರತೆ ನೀರು ತೆಗೆದಳು. ತಾನು ಮೊದಲು ಕುಡಿಯಲಿಲ್ಲ. ಮೊಲ, ಅಳಿಲು, ಕಾಡುಕೋಳಿ, ಸೂಜವ್ವ ಎಲ್ಲರೂ ಕುಡಿದು ಮುಗಿಯುವವರೆಗೆ ಅವರಿಗೆ ನೆರಳಾಗಿ ನಿಂತಳು. ಅಷ್ಟರಲ್ಲಿ ಗುಂಡಿಯ ಅಂಚು ಕುಸಿದು ದೊಡ್ಡ ಕಲ್ಲೊಂದು ಅವಳ ಮುಂಗಾಲಿನ ಮೇಲೆ ಉರುಳಿತು. ಅಂದಿನಿಂದ ದೊಡ್ಡವ್ವ ಕುಂಟುತ್ತಿದ್ದಳು. ಸಮನಾದ ನೆಲದಲ್ಲಿ ನಡೆಯುತ್ತಿದ್ದಳು. ಗುಡ್ಡ ಹತ್ತಲು ಆಗುತ್ತಿರಲಿಲ್ಲ.

ಗುಡ್ಡದ ಆಚೆ ಏಳುಬಸರಿ ಎಂಬ ತೋಪಿತ್ತು. ಅಲ್ಲಿ ಹೊಳೆಯ ಪಕ್ಕದಲ್ಲಿ ಏಳು ಹಳೆಯ ಬಸರಿ ಮರಗಳಿದ್ದವು. ದೊಡ್ಡವ್ವ ಹುಟ್ಟಿದ್ದು ಆ ಮರಗಳ ಕೆಳಗೆ. ಕಾಲು ಸರಿಯಿದ್ದಾಗ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದಳು. ಈಗ ಎಲ್ಲರೂ ನೀರು ಕುಡಿಯುವ ಹೊಂಡದ ದಡದಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದಳು, ಅಷ್ಟೆ.

ಒಂದು ದಿನ ಸೂಜವ್ವ ನೀರು ಕುಡಿಯಲು ಹೊಂಡಕ್ಕೆ ಬಂದಿದ್ದಳು. ದೊಡ್ಡವ್ವ ತನ್ನ ಬೆನ್ನ ಮೇಲೆ ಕೂತಿದ್ದ ಬೆಳ್ಳಕ್ಕಿಯ ಜೊತೆ ಮಾತಾಡುತ್ತಿದ್ದಳು.

"ನೀನು ಗುಡ್ಡದ ಆಚೆ ಹಾರ್ತೀಯಲ್ಲ, ಏಳುಬಸರಿ ಹೇಗಿದೆ?" ಎಂದು ಕೇಳಿದಳು.

"ಮರ ಇದೆ ದೊಡ್ಡವ್ವ. ಮೇಲಿಂದ ನೋಡಿದರೆ ಹಸಿರು ಹಸಿರಾಗಿ ಕಾಣುತ್ತೆ," ಎಂದಿತು ಬೆಳ್ಳಕ್ಕಿ.

"ಮೇಲಿಂದ ನೋಡಿದರೆ ಎಲ್ಲಾ ಮರವೂ ಹಾಗೇ ಕಾಣುತ್ತೆ. ನಾನು ಅದನ್ನು ಕೆಳಗಿಂದ ನೋಡಬೇಕಿತ್ತು," ಎಂದಳು ದೊಡ್ಡವ್ವ.

ಆ ಮಾತು ಸೂಜವ್ವನ ಮನಸ್ಸಿಗೆ ತಾಗಿತು. ಬಿಲಕ್ಕೆ ಬಂದರೂ ಅದೇ ಯೋಚನೆ. ದೊಡ್ಡವ್ವನನ್ನು ಗುಡ್ಡ ಹತ್ತಿಸಲು ತನ್ನಿಂದ ಆಗದು. ಏಳುಬಸರಿಯನ್ನೇ ಈಚೆಗೆ ತಂದರೆ? ಸೂಜವ್ವ ತನ್ನ ಗೇಣುದ್ದದ ಮರಗಳ ಕಡೆ ನೋಡಿದಳು. ಎಣಿಸಿದಳು. ಏಳಕ್ಕೆ ಸಾಲುವಷ್ಟು ಇದ್ದವು.

ಮಾರನೆಯ ದಿನವೇ ಅವಳು ಗುಡ್ಡ ಹತ್ತಿದಳು. ಗಿಡ್ಡ ಕಾಲಿನವಳಿಗೆ ಅದು ಪೂರ್ತಿ ಒಂದು ಹಗಲಿನ ದಾರಿ. ಏಳುಬಸರಿಯಲ್ಲಿ ಎರಡು ದಿನ ಇದ್ದಳು. ಯಾವ ಮರ ಯಾವ ಕಡೆ ವಾಲಿದೆ, ಯಾವೆರಡು ಮರ ಬುಡದಲ್ಲಿ ಕೂಡಿಕೊಂಡಿವೆ, ಯಾವುದರ ಬೇರು ಬಂಡೆಯನ್ನು ತಬ್ಬಿದೆ, ಎಲ್ಲವನ್ನೂ ನೋಡಿಕೊಂಡಳು. ಮರೆತುಹೋದರೆ ಎಂದು ಇನ್ನೆರಡು ಸಲ ಹೋಗಿಬಂದಳು.

ಮಳೆಗಾಲ ಶುರುವಾದಾಗ ಕೆಲಸಕ್ಕೆ ಕೈ ಹಾಕಿದಳು. ಮೊರದಷ್ಟು ಅಗಲದ ತೆಳುವಾದ ಚಪ್ಪಡಿ ಕಲ್ಲೊಂದನ್ನು ಹುಡುಕಿದಳು. ಹುತ್ತದ ಮಣ್ಣು, ಹೊಳೆಯ ಮರಳು, ಕೊಳೆತ ಎಲೆ ಬೆರೆಸಿ ಅದರ ಮೇಲೆ ಸಣ್ಣ ದಿಬ್ಬ ಕಟ್ಟಿದಳು. ಮರಗಳನ್ನು ಒಂದೊಂದಾಗಿ ಎಬ್ಬಿಸಿದಳು. ನೇರ ಕೆಳಗೆ ಇಳಿಯುವ ತಾಯಿಬೇರನ್ನು ಹಲ್ಲಿನಿಂದ ಕತ್ತರಿಸಿದಳು. ನೂಲಿನಂಥ ಬೇರುಗಳನ್ನು ಹಾಗೇ ಬಿಟ್ಟಳು. ದಪ್ಪ ಮರಗಳನ್ನು ಮುಂದೆ ನೆಟ್ಟಳು, ತೆಳ್ಳಗಿನವನ್ನು ಹಿಂದೆ. ಹಾಗೆ ನೆಟ್ಟರೆ ಹಿಂದಿನ ಮರಗಳು ಬಲು ದೂರದಲ್ಲಿ ಇರುವಂತೆ ಕಾಣುತ್ತಿದ್ದವು. ತನ್ನ ಮೈಯಿಂದ ಉದುರಿದ ಮುಳ್ಳೊಂದನ್ನು ಬಾಯಲ್ಲಿ ಕಚ್ಚಿಕೊಂಡು ಚುಚ್ಚಿ ಚುಚ್ಚಿ ಬೇರಿನ ಸಂದಿಗೆಲ್ಲ ಮಣ್ಣು ಇಳಿಸಿದಳು. ಗಾಳಿಗೆ ಬೀಳದಿರಲಿ ಎಂದು ಬಳ್ಳಿಯ ನಾರಿನಿಂದ ಬೇರುಗಳನ್ನು ಕಲ್ಲಿಗೆ ಕಟ್ಟಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಕೊಂಬೆ ಬಾಗಬೇಕಿದ್ದರೆ ಅದಕ್ಕೊಂದು ಪುಟ್ಟ ಕಲ್ಲು ತೂಗುಹಾಕಿ ಆರು ತಿಂಗಳು ಕಾದಳು. ಚಿಗುರು ಉದ್ದವಾದರೆ ತುದಿ ಚಿವುಟಿದಳು. ಒಂದು ಮರ ಸತ್ತಿತು. ಇನ್ನೊಂದನ್ನು ಹುಡುಕಿ ತಂದು ನೆಟ್ಟಳು. ಹೀಗೆ ಮೂರು ವರ್ಷ ಕಳೆಯಿತು. ಯಾರಿಗೂ ಹೇಳಲಿಲ್ಲ. ಬೇರು ಕಡಿಯುವವಳು ಮರ ಬೆಳೆಸುತ್ತಿದ್ದಾಳೆ ಎಂದರೆ ಎಲ್ಲರೂ ನಗುತ್ತಾರೆ ಎಂದು ಅವಳಿಗೆ ನಾಚಿಕೆ.

ಆದರೆ ಒಬ್ಬನು ನೋಡಿಬಿಟ್ಟಿದ್ದ. ಅವನು ನರಿ ಕೆಂಚಣ್ಣ.

ಹೊಂಡದ ದಡದಲ್ಲಿ ಒಂದು ತಂಪಾದ ಗವಿಯಿತ್ತು. ಮೊದಲು ಕೆಂಚಣ್ಣ ಅಲ್ಲೇ ಇದ್ದ. ಕಾಡುಕೋಳಿ ನೀರಿಗೆ ಬಂದಾಗ ಅದರ ಗೂಡಿನ ಮೊಟ್ಟೆ ಕದ್ದು ಸಿಕ್ಕಿಬಿದ್ದ ಮೇಲೆ ದೊಡ್ಡವ್ವ ಅವನನ್ನು ಅಲ್ಲಿಂದ ಎಬ್ಬಿಸಿದ್ದಳು. ಈಗ ಅವನಿಗೆ ಬಿಸಿಲು ಗುಡ್ಡದ ಮೇಲೊಂದು ಬರಿ ಗುಂಡಿ. ಹೇಗಾದರೂ ಆ ಗವಿಗೆ ವಾಪಸ್ಸು ಹೋಗಬೇಕೆಂದು ಅವನು ದಾರಿ ಹುಡುಕುತ್ತಿದ್ದ. ಪೊದೆಯ ಮರೆಯಲ್ಲಿ ಕೂತು ಎರಡು ದಿನ ಸೂಜವ್ವನ ಕೆಲಸ ನೋಡಿದ. ಅವಳು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುವ ಮಾತನ್ನೂ ಕೇಳಿಸಿಕೊಂಡ. ಇದು ದೊಡ್ಡವ್ವನಿಗಾಗಿ ಮಾಡಿದ್ದು ಎಂದು ತಿಳಿದಾಗ ಅವನ ಬಾಲ ತಾನಾಗಿಯೇ ಅಲ್ಲಾಡಿತು.

ಕಾರ್ತಿಕದ ಒಂದು ಬೆಳಗ್ಗೆ ಸೂಜವ್ವ ಕೊನೆಯ ಕೆಲಸಕ್ಕೆಂದು ಹೊಳೆಯ ಕಡೆ ಹೋದಳು. ಮರಗಳ ಕೆಳಗೆ ಹುಲ್ಲಿನಂತೆ ಹಾಸಲು ಅವಳಿಗೆ ಇನ್ನೊಂದಿಷ್ಟು ಪಾಚಿ ಬೇಕಿತ್ತು. ಕೆಂಚಣ್ಣ ತಡಮಾಡಲಿಲ್ಲ. ಬಿದ್ದ ಮರವೊಂದರ ಅಗಲವಾದ ತೊಗಟೆ ತಂದ. ಕಲ್ಲನ್ನು ಮೆಲ್ಲಗೆ ಅದರ ಮೇಲೆ ಸರಿಸಿದ. ತೊಗಟೆಗೆ ಬಳ್ಳಿ ಕಟ್ಟಿ, ಬಳ್ಳಿಯನ್ನು ಹಲ್ಲಲ್ಲಿ ಕಚ್ಚಿ, ಇಳಿಜಾರಿನಲ್ಲಿ ಎಳೆದುಕೊಂಡು ಹೊಂಡದ ದಡಕ್ಕೆ ಬಂದ.

"ದೊಡ್ಡವ್ವ, ನಿಮಗೊಂದು ವಸ್ತು ತಂದಿದ್ದೀನಿ," ಎಂದ.

"ನಿನ್ನನ್ನು ಈ ಕಡೆ ಬರಬೇಡ ಅಂದಿದ್ದೆ," ಎಂದಳು ದೊಡ್ಡವ್ವ.

"ಕೊಟ್ಟು ಹೋಗ್ತೀನಿ. ಒಂದೇ ಸಲ ನೋಡಿ."

ದೊಡ್ಡವ್ವ ನೋಡಿದಳು. ಮೊದಲು ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಹೊಳೆಯ ಕಡೆ ವಾಲಿದ ಮರ ಕಂಡಿತು. ಬುಡದಲ್ಲಿ ಕೂಡಿಕೊಂಡ ಎರಡು ಮರ ಕಂಡವು. ಬಂಡೆಯನ್ನು ತಬ್ಬಿದ ಬೇರು ಕಂಡಿತು. ಅವಳ ಸೊಂಡಿಲು ಗಾಳಿಯಲ್ಲೇ ನಿಂತುಬಿಟ್ಟಿತು.

"ಇದು ಏಳುಬಸರಿ," ಎಂದಳು.

"ಹೌದು ದೊಡ್ಡವ್ವ. ಮೂರು ವರ್ಷ ಕಷ್ಟಪಟ್ಟೆ. ನಾನು ಮಾಡಿದ ತಪ್ಪು ನನ್ನನ್ನು ಸುಮ್ಮನಿರೋಕೆ ಬಿಡಲಿಲ್ಲ. ನಿಮ್ಮ ಮನಸ್ಸಿಗೆ ಒಂಚೂರು ಸಂತೋಷ ಆದರೆ ಸಾಕು ಅಂದುಕೊಂಡೆ," ಎಂದು ಕೆಂಚಣ್ಣ ತಲೆ ತಗ್ಗಿಸಿದ.

ಮೊಲ ಬಂತು. ಕಾಡುಕೋಳಿ ಬಂತು. ಅಳಿಲುಗಳು ಸಾಲಾಗಿ ಬಂದವು. ಎಲ್ಲರೂ ಕಲ್ಲಿನ ಸುತ್ತ ಕೂತು ಬಾಯಿ ತೆರೆದು ನೋಡಿದರು. ಮೊಟ್ಟೆ ಕಳೆದುಕೊಂಡ ಕಾಡುಕೋಳಿಯೇ, "ಕೆಂಚಣ್ಣ ಬದಲಾಗಿದ್ದಾನೆ ಬಿಡಿ," ಎಂದಿತು. ಆ ದಿನ ಮಧ್ಯಾಹ್ನದ ಹೊತ್ತಿಗೆ ಕೆಂಚಣ್ಣನಿಗೆ ಗವಿ ಸಿಕ್ಕಿತು.

ಸೂಜವ್ವ ಪಾಚಿ ತಂದಾಗ ಬಂಡೆಯ ಮರೆಯಲ್ಲಿ ಚಪ್ಪಡಿ ಇರಲಿಲ್ಲ. ನೆಲದ ಮೇಲೆ ತೊಗಟೆ ಎಳೆದ ಗುರುತಿತ್ತು. ಅದರ ಬೆನ್ನು ಹಿಡಿದು ಹೊಂಡದವರೆಗೂ ಓಡಿದಳು. ಮೈಮೇಲಿನ ಮುಳ್ಳೆಲ್ಲ ನೆಟ್ಟಗೆ ನಿಂತಿದ್ದವು.

"ಇದು ನಾನು ಮಾಡಿದ್ದು. ಇವನು ಕದ್ದು ತಂದಿದ್ದಾನೆ," ಎಂದಳು.

ಎಲ್ಲರೂ ತಿರುಗಿ ನೋಡಿದರು. ಕೆಂಚಣ್ಣ ಸಿಟ್ಟಾಗಲಿಲ್ಲ. ಮೆಲ್ಲಗೆ ನಕ್ಕ.

"ಹೇಗೆ ಮಾಡಿದೆ ಅಂತ ಇಬ್ಬರೂ ಹೇಳಿ," ಎಂದಳು ದೊಡ್ಡವ್ವ.

ಸೂಜವ್ವ ಹೇಳಿದಳು. ಹುತ್ತದ ಮಣ್ಣು, ಮರಳು, ಕೊಳೆತ ಎಲೆ, ದಪ್ಪ ಮರ ಮುಂದೆ, ತೆಳುವಾದದ್ದು ಹಿಂದೆ. ಕೆಂಚಣ್ಣನೂ ಅದನ್ನೇ ಹೇಳಿದ. ಪೊದೆಯಲ್ಲಿ ಕೂತು ಕೇಳಿಸಿಕೊಂಡಿದ್ದ ಮಾತುಗಳು ಅವನ ಬಾಯಲ್ಲಿ ಇನ್ನೂ ಚೆಂದವಾಗಿ ಬಂದವು.

"ನೀನು ಮಾಡಿದ್ದನ್ನು ನೋಡಿದವರು ಯಾರಾದರೂ ಇದ್ದಾರಾ ಸೂಜವ್ವ?" ಎಂದು ದೊಡ್ಡವ್ವ ಕೇಳಿದಳು.

"ಯಾರೂ ಇಲ್ಲ. ನಾನು ಯಾರಿಗೂ ಹೇಳಿರಲಿಲ್ಲ."

ಆಗ ಕೆಂಚಣ್ಣ ಎಲ್ಲರ ಕಡೆ ತಿರುಗಿದ. "ನೀವೇ ಯೋಚನೆ ಮಾಡಿ. ಕಾಡಲ್ಲಿ ಒಂದು ಗಿಡ ಒಣಗಿದರೆ ಯಾರ ಹೆಸರು ಹೇಳ್ತೀರಿ? ಬೇರು ಕಡಿದು ಹೊಟ್ಟೆ ತುಂಬಿಸಿಕೊಳ್ಳೋ ಸೂಜವ್ವ ಮರ ಸಾಕಿದಳಂತೆ. ಮೂರು ವರ್ಷ ಬೇರಿನ ಪಕ್ಕದಲ್ಲಿ ಹಸಿದು ಕೂತಿದ್ದಳಂತೆ."

ಮೊದಲು ಅಳಿಲುಗಳು ನಕ್ಕವು. ಆಮೇಲೆ ಮೊಲ ನಕ್ಕಿತು. ಇಷ್ಟು ವರ್ಷ ಸೂಜವ್ವ ಹೆದರಿದ್ದು ಇದೇ ನಗುವಿಗೆ.

ದೊಡ್ಡವ್ವ ನಗಲಿಲ್ಲ. "ಇಬ್ಬರೂ ಒಂದೇ ಥರ ಹೇಳ್ತಾ ಇದ್ದೀರಿ. ಯಾರ ಮಾತು ನಿಜ ಅಂತ ನನಗೆ ಗೊತ್ತಾಗ್ತಾ ಇಲ್ಲ. ಗೊತ್ತಾಗೋವರೆಗೆ ತಂದವನೇ ನೋಡಿಕೊಳ್ಳಲಿ," ಎಂದಳು.

ಎಲ್ಲರೂ ಚದುರಿದರು. ಸೂಜವ್ವ ಮಾತ್ರ ಕಲ್ಲಿನ ಹತ್ತಿರವೇ ಉಳಿದಳು. ತಂದಿದ್ದ ಪಾಚಿಯನ್ನು ಮರಗಳ ಬುಡಕ್ಕೆ ಹಾಸಿ ಮೂಗಿನಿಂದ ಮೆಲ್ಲಗೆ ಒತ್ತಿದಳು.

"ಇನ್ನೂ ಯಾಕೆ ನಿಂತಿದ್ದೀಯ?" ಎಂದ ಕೆಂಚಣ್ಣ.

"ಮರದ ಸಲುವಾಗಿ ಒಂದು ಮಾತು ಹೇಳಿ ಹೋಗ್ತೀನಿ. ಮಾಘದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರುತ್ತೆ. ನೀನು ಹೆದರಬೇಡ. ಮಣ್ಣು ಒಣಗದ ಹಾಗೆ ನೋಡಿಕೋ. ಬೇರು ಮಾತ್ರ ಮುಟ್ಟಬೇಡ," ಎಂದು ಹೇಳಿ ಸೂಜವ್ವ ಹೋದಳು.

ಕೆಂಚಣ್ಣನಿಗೆ ಒಳಗೊಳಗೇ ನಗು ಬಂತು. ತಾನು ಯಾರಿಗೂ ನಿಜ ಹೇಳಿದವನಲ್ಲ. ಹಾಗಿರುವಾಗ ಮೋಸಹೋದವಳು ಬಂದು ನಿಜ ಹೇಳುತ್ತಾಳೆಂದು ಅವನು ಹೇಗೆ ನಂಬಿಯಾನು? ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡ.

ಎರಡು ತಿಂಗಳು ಸುಖವಾಗಿ ಕಳೆದವು. ದೊಡ್ಡವ್ವ ದಿನಾ ಬೆಳಗ್ಗೆ ಕಲ್ಲಿನ ಮುಂದೆ ಬಂದು ನಿಲ್ಲುತ್ತಿದ್ದಳು. ಬೇರೆಯವರು ಬಂದರೆ ಕೆಂಚಣ್ಣ ಗವಿಯ ಬಾಗಿಲಲ್ಲಿ ಕಾಲು ಚಾಚಿ ಕೂತು ಮೂರು ವರ್ಷದ ಕಷ್ಟದ ಕಥೆ ಹೇಳುತ್ತಿದ್ದ. ಸಲಕ್ಕೊಂದು ಹೊಸ ಕಷ್ಟ ಸೇರುತ್ತಿತ್ತು. ಸೂಜವ್ವ ಹೊಂಡದ ಕಡೆ ಬರುವುದನ್ನೇ ಬಿಟ್ಟಳು. ನೀರಿಗೆ ದೂರದ ಹೊಳೆಗೆ ಹೋಗುತ್ತಿದ್ದಳು. ಬಂಡೆಯ ಮರೆಯಲ್ಲಿ ಉಳಿದಿದ್ದ ಒಂದೆರಡು ಗಿಡಗಳನ್ನು ನೋಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಮಾಘ ಬಂತು. ದೊಡ್ಡವ್ವ ತನ್ನ ಹಿಂಡಿನ ಜೊತೆ ಬಯಲಿನ ಬಿದಿರುಮೆಳೆಗೆ ಮೇಯಲು ಹೊರಟಳು. "ಹುಣ್ಣಿಮೆಯ ಬೆಳಗ್ಗೆ ಬರ್ತೀನಿ. ಅಷ್ಟು ಹೊತ್ತಿಗೆ ಏಳುಬಸರಿ ನೋಡೋ ಹಾಗೆ ಇರುತ್ತೆ," ಎಂದಳು. ನೋಡೋ ಹಾಗೆ ಎಂದರೆ ಹೇಗೆ ಎಂದು ಕೆಂಚಣ್ಣ ಕೇಳಲಿಲ್ಲ. ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿದ.

ಅವಳು ಹೋದ ಎರಡನೆಯ ದಿನ ಮರಗಳ ಎಲೆ ಹಳದಿಯಾಯಿತು. ನಾಲ್ಕನೆಯ ದಿನ ಉದುರತೊಡಗಿತು. ಆರನೆಯ ದಿನ ಏಳೂ ಮರಗಳು ಬೋಳಾದವು.

ಕೆಂಚಣ್ಣ ಕಲ್ಲಿನ ಸುತ್ತ ಸುತ್ತತೊಡಗಿದ. ಅವನು ಜೀವನದಲ್ಲಿ ತಲೆಯೆತ್ತಿ ಮರ ನೋಡಿದವನಲ್ಲ. ಕೆಳಗೆ ಓಡಾಡುವ ಕೋಳಿ ಇಲಿಗಳ ಮೇಲೆಯೇ ಅವನ ಕಣ್ಣು. ಯಾವ ಮರ ಯಾವಾಗ ಎಲೆ ಉದುರಿಸುತ್ತದೆ ಎಂಬುದು ಅವನಿಗೇನು ಗೊತ್ತು? ಮರ ಸತ್ತೇಹೋಯಿತು ಎಂದುಕೊಂಡ. 'ಎಲೆ ಉದುರಿದರೆ ಹೆದರಬೇಡ ಅಂದಳಲ್ಲ, ಅದು ಇದಕ್ಕೇ. ನಾನು ಸುಮ್ಮನೆ ಕೂರಬೇಕು, ದೊಡ್ಡವ್ವ ಬಂದು ಸತ್ತ ಮರ ನೋಡಬೇಕು, ನನ್ನನ್ನು ಓಡಿಸಬೇಕು. ಬಲು ಜಾಣೆ ಈ ಸೂಜವ್ವ. ಆದರೆ ಅವಳ ಜಾಣತನ ನನ್ನ ಹತ್ತಿರವಾ?'

ಅವನು ಬಳ್ಳಿಯ ನಾರುಗಳನ್ನು ಕಚ್ಚಿ ಹರಿದ. ಏಳೂ ಮರಗಳನ್ನು ಮಣ್ಣಿನ ಹೆಂಟೆಯ ಸಮೇತ ಕಿತ್ತ. ಗವಿಯ ಹಿಂದೆ ಸೀಗೆಯ ಮುಳ್ಳುಪೊದೆಯೊಂದು ದಟ್ಟವಾಗಿ ಹಬ್ಬಿತ್ತು. ಯಾರೂ ಅದರೊಳಗೆ ಹೋಗುತ್ತಿರಲಿಲ್ಲ. ಮರಗಳನ್ನು ಅದರ ನಡುವಿಗೆ ಎಸೆದ. ದಡದಲ್ಲಿ ಬಾಗಿ ನಿಂತಿದ್ದ ನೇರಳೆ ಮರದಿಂದ ಹಸಿರಾದ ಏಳು ಟೊಂಗೆ ಮುರಿದು ತಂದು ಅದೇ ಮಣ್ಣಿನಲ್ಲಿ ಸಿಕ್ಕಿಸಿದ.

ನೋಡಲು ಮೊದಲಿಗಿಂತ ಸೊಗಸಾಗಿತ್ತು. ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಆ ಕಡೆ ಬಂದ ಮೊಲ ಮೂಗರಳಿಸಿ ನೋಡಿತು.

"ಎಲೆ ಯಾಕೋ ಬೇರೆ ಥರ ಕಾಣ್ತಿದೆ ಕೆಂಚಣ್ಣ," ಎಂದಿತು.

"ಹೊಸ ಎಲೆ. ನಾನು ಕೊಡೋ ಆರೈಕೆಗೆ ಹಾಗೆ ಬಂದಿದೆ," ಎಂದ ಕೆಂಚಣ್ಣ.

ಟೊಂಗೆಗಳು ಸಂಜೆಯೊಳಗೆ ಬಾಡುತ್ತಿದ್ದವು. ಹಾಗಾಗಿ ಅವನು ದಿನಾ ಬೆಳಗ್ಗೆ ಬೇಗ ಎದ್ದು ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಬೇಕಾಯಿತು. ಜೀವಮಾನದಲ್ಲೇ ಅವನು ಅಷ್ಟು ದುಡಿದಿರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ದೊಡ್ಡವ್ವ ಕುಂಟುತ್ತಾ ಬಂದಳು. ಅವಳು ಬರುವುದನ್ನು ಕಂಡು ಎಲ್ಲರೂ ಕಲ್ಲಿನ ಸುತ್ತ ಸೇರಿದರು. ಕೆಂಚಣ್ಣ ಬಾಲ ನೀವಿಕೊಂಡು ಮುಂದೆ ನಿಂತ.

"ನೋಡಿ ದೊಡ್ಡವ್ವ, ಒಂದೇ ಒಂದು ಎಲೆ ಬೀಳೋಕೆ ಬಿಟ್ಟಿಲ್ಲ," ಎಂದ.

ದೊಡ್ಡವ್ವ ಬಹಳ ಹೊತ್ತು ನೋಡಿದಳು.

"ನಾನು ಏಳುಬಸರಿಯಲ್ಲಿ ಹುಟ್ಟಿದ್ದು ಮಾಘದಲ್ಲಿ," ಎಂದಳು. "ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಬರೀ ಕೊಂಬೆ, ಅದರ ಹಿಂದೆ ಆಕಾಶ. ನಮ್ಮಮ್ಮ ಉದುರಿದ ಎಲೆಗಳ ಮೇಲೆ ನನ್ನನ್ನು ನಿಲ್ಲಿಸಿದ್ದಳು. ಮಾಘದಲ್ಲಿ ಬಸರಿ ಬೋಳಾಗಿರುತ್ತೆ ಕೆಂಚಣ್ಣ. ಅದನ್ನು ನೋಡಬೇಕು ಅಂತಲೇ ಬಂದೆ. ಇದು ಯಾಕೆ ಹಸಿರಾಗಿದೆ?"

ಕೆಂಚಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಅದು, ನಾನು ತುಂಬಾ ನೀರು ಹಾಕಿದೆ," ಎಂದ.

ದೊಡ್ಡವ್ವ ಸೊಂಡಿಲು ಚಾಚಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಅರವತ್ತು ವರ್ಷದಿಂದ ಎಲೆ ತಿಂದು ಬದುಕಿದವಳು ಅವಳು.

"ಒಗರಿದೆ. ಇದು ನೇರಳೆ," ಎಂದಳು.

ಆಮೇಲೆ ಒಂದು ಟೊಂಗೆಯನ್ನು ಹಿಡಿದು ಮೇಲಕ್ಕೆತ್ತಿದಳು. ಅದು ಸಲೀಸಾಗಿ ಎದ್ದು ಬಂತು. ಬುಡದಲ್ಲಿ ಬೇರಿರಲಿಲ್ಲ. ನರಿಯ ಹಲ್ಲಿನ ಗುರುತಿತ್ತು. ಎರಡನೆಯದೂ ಹಾಗೆಯೇ. ಏಳನ್ನೂ ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟಳು.

"ಮರಗಳು ಎಲ್ಲಿ?" ಎಂದು ಕೇಳಿದಳು.

"ಅವು ಸತ್ತುಹೋದವು ದೊಡ್ಡವ್ವ. ನಿಮಗೆ ಬೇಜಾರಾಗುತ್ತೆ ಅಂತ," ಎಂದು ಕೆಂಚಣ್ಣ ತೊದಲಿದ.

"ಎಲೆ ಉದುರಿದ್ದಕ್ಕೆ ಸತ್ತವು ಅಂದುಕೊಂಡೆಯಾ? ಮೂರು ವರ್ಷ ಸಾಕಿದವನು ನೀನು. ಹೋದ ಮಾಘ, ಅದರ ಹಿಂದಿನ ಮಾಘ ಎಲ್ಲಿದ್ದೆ?"

ಕೆಂಚಣ್ಣನ ಕಣ್ಣು ತಾನಾಗಿಯೇ ಸೀಗೆಪೊದೆಯ ಕಡೆ ಹೋಯಿತು. ದೊಡ್ಡವ್ವ ಅದನ್ನು ನೋಡಿದಳು.

"ಹೋಗಿ ತಗೊಂಡು ಬಾ. ಕೊಂಬೆ ಮುರಿಯಬಾರದು. ಒಂದೊಂದಾಗಿ ತಾ," ಎಂದಳು.

ಎಸೆಯುವುದು ಸುಲಭವಾಗಿತ್ತು. ತರುವುದು ಹಾಗಿರಲಿಲ್ಲ. ಸೀಗೆಯ ಮುಳ್ಳು ಕೊಕ್ಕೆಯ ಹಾಗೆ ಬಾಗಿರುತ್ತದೆ. ಒಳಗೆ ಹೋಗಲು ಬಿಡುತ್ತದೆ, ಹೊರಗೆ ಬರಲು ಬಿಡುವುದಿಲ್ಲ. ಕೆಂಚಣ್ಣ ಏಳು ಸಲ ಒಳಗೆ ಹೋದ, ಏಳು ಸಲ ಹೊರಗೆ ಬಂದ. ಒಂದು ಸಲ ಕಿವಿ ಹರಿಯಿತು. ಇನ್ನೊಂದು ಸಲ ಬಾಲದ ಕೂದಲು ಅರ್ಧ ಪೊದೆಯಲ್ಲೇ ಉಳಿಯಿತು. ಕೊನೆಯ ಮರ ತಂದು ಇಡುವಾಗ ಅವನ ಮೂಗಿನ ತುದಿಯಲ್ಲಿ ಮೂರು ಮುಳ್ಳು ನೆಟ್ಟಿದ್ದವು. ಕಾಡುಕೋಳಿ ಹತ್ತಿರ ಬಂದು ಅವನನ್ನು ನೋಡಿತು. ಮುಳ್ಳು ತೆಗೆಯಲು ಹೋಗಲಿಲ್ಲ.

ಅಷ್ಟರಲ್ಲಿ ಮೊಲ ಓಡಿಹೋಗಿ ಸೂಜವ್ವನನ್ನು ಕರೆತಂದಿತ್ತು. "ಅವತ್ತು ನಾನೂ ನಕ್ಕೆ," ಎಂದಷ್ಟೇ ದಾರಿಯಲ್ಲಿ ಹೇಳಿತ್ತು. "ಗೊತ್ತು," ಎಂದಿದ್ದಳು ಸೂಜವ್ವ.

ಅವಳು ಯಾರನ್ನೂ ಬೈಯಲಿಲ್ಲ. ನೇರ ಮರಗಳ ಹತ್ತಿರ ಹೋದಳು. ಒಂದೊಂದರ ತೊಗಟೆಯನ್ನೂ ಹಲ್ಲಿನ ತುದಿಯಿಂದ ಚೂರೇ ಚೂರು ಕೆರೆದಳು. ಒಳಗೆ ಹಸಿರಿದ್ದರೆ ಮರಕ್ಕೆ ಜೀವವಿದೆ ಎಂದು ಅರ್ಥ. ಮೊದಲನೆಯದು ಹಸಿರಿತ್ತು. ಎರಡನೆಯದೂ ಇತ್ತು. ಮಾಘದ ಮಂಜು ಮಣ್ಣಿನ ಹೆಂಟೆಗಳನ್ನು ಒಣಗಲು ಬಿಟ್ಟಿರಲಿಲ್ಲ. ಆರು ಮರಗಳಿಗೆ ಜೀವವಿತ್ತು. ಏಳನೆಯದು, ಹೊಳೆಯ ಕಡೆ ವಾಲಿದ್ದು, ಬುಡದಲ್ಲೇ ಸೀಳಿತ್ತು. ಅದರ ತೊಗಟೆಯ ಕೆಳಗೆಲ್ಲ ಕಂದುಬಣ್ಣ.

ಸೂಜವ್ವ ಅದನ್ನು ಕಾಲಲ್ಲಿ ಹಿಡಿದು ಕೂತಳು. ಅದರ ಕೊಂಬೆ ಬಾಗಲಿ ಎಂದು ಅವಳು ಆರು ತಿಂಗಳು ಕಲ್ಲು ತೂಗುಹಾಕಿದ್ದಳು.

"ಇದು ಹೋಯ್ತು ದೊಡ್ಡವ್ವ," ಎಂದಳು.

"ಅದನ್ನೂ ಅದರ ಜಾಗದಲ್ಲೇ ನಿಲ್ಲಿಸು," ಎಂದಳು ದೊಡ್ಡವ್ವ. "ನಾನು ಅಲ್ಲಿಗೆ ಹೋಗಿ ಬಹಳ ವರ್ಷ ಆಯ್ತು. ಅಲ್ಲೂ ಒಂದು ಮರಕ್ಕೆ ಸಿಡಿಲು ಬಡಿದಿರಬಹುದು. ಒಣಗಿದ ಮರ ಇಲ್ಲದ ಕಾಡನ್ನು ನಾನು ನೋಡಿಲ್ಲ."

ನಂತರ ಅವಳು ಸೊಂಡಿಲನ್ನು ಸೂಜವ್ವನ ಮುಂದೆ ನೆಲಕ್ಕೆ ಇಳಿಸಿದಳು. "ಅವತ್ತು ನಾನು ನಿನ್ನನ್ನು ಇನ್ನೂ ನಾಲ್ಕು ಮಾತು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು," ಎಂದಳು.

ಸೂಜವ್ವ ಕೆಲಸಕ್ಕೆ ಕೂತಳು. ಈ ಸಲ ಮರೆಯಲ್ಲಲ್ಲ, ಎಲ್ಲರ ಮುಂದೆ. ಕಡಿದುಹೋದ ಬೇರುಗಳನ್ನು ಹಲ್ಲಿನಿಂದ ನೀಟಾಗಿ ಕತ್ತರಿಸಿದಳು. ಬೇರು ಕಡಿಯುವುದು ಹೀಗೂ ಇರುತ್ತದೆ ಎಂದು ಅಳಿಲುಗಳು ಅಂದೇ ಕಂಡದ್ದು. ಮೊಲ ಹುತ್ತದ ಮಣ್ಣು ಕೆರೆದು ತಂದಿತು. ಸಂಜೆಯೊಳಗೆ ಆರು ಬೋಳು ಮರಗಳೂ ಒಂದು ಒಣಮರವೂ ಕಲ್ಲಿನ ಮೇಲೆ ನಿಂತವು.

ಗವಿಯನ್ನು ಸೂಜವ್ವನಿಗೆ ಕೊಡಲು ದೊಡ್ಡವ್ವ ಮುಂದಾದಳು. "ನನ್ನ ಬಿಲ ನನಗೆ ಸಾಕು. ಕಲ್ಲನ್ನು ಗವಿಯ ಬಾಯಲ್ಲಿ ಇಡೋಣ, ಮಧ್ಯಾಹ್ನದ ಬಿಸಿಲು ತಾಗೋದಿಲ್ಲ," ಎಂದಳು ಸೂಜವ್ವ. ಕೆಂಚಣ್ಣನಿಗೆ ಮತ್ತೆ ಬಿಸಿಲು ಗುಡ್ಡದ ಗುಂಡಿಯೇ ಗತಿಯಾಯಿತು. ಅದಕ್ಕೆ ಮೊದಲು ಒಂದು ಕೆಲಸವಿತ್ತು. ಮರಗಳು ಚಿಗುರುವವರೆಗೆ ದಿನಕ್ಕೆರಡು ಸಲ ಎಲೆದೊನ್ನೆಯಲ್ಲಿ ನೀರು ತಂದು ಹನಿಸಬೇಕು. ನೀರು ಹೆಚ್ಚಾದರೂ ಕಡಿಮೆಯಾದರೂ ಸೂಜವ್ವನಿಂದ ಬೈಸಿಕೊಳ್ಳಬೇಕು. ದೊನ್ನೆ ಕಚ್ಚಿಕೊಂಡಾಗ ಬಾಯಿ ತೆರೆಯುವ ಹಾಗಿರಲಿಲ್ಲ. ಹಾಗಾಗಿ ಆ ತಿಂಗಳು ಕೆಂಚಣ್ಣ ಒಂದೂ ಕಥೆ ಹೇಳಲಿಲ್ಲ.

ಫಾಲ್ಗುಣದ ಒಂದು ಬೆಳಗ್ಗೆ ಕೊಂಬೆಗಳ ತುದಿ ಒಡೆಯಿತು. ಬಸರಿಯ ಎಳೆ ಚಿಗುರು ಹಸಿರಲ್ಲ, ತಾಮ್ರದ ಕೆಂಪು. ಎರಡೇ ದಿನದಲ್ಲಿ ಆರೂ ಮರಗಳು ಕೆಂಪಗೆ ಹೊಳೆದವು. ನಡುವೆ ಒಣಮರ ಬೂದುಬಣ್ಣದಲ್ಲಿ ನಿಂತಿತ್ತು.

ದೊಡ್ಡವ್ವ ಬಂದಳು. ನಿಂತು ನೋಡಿದ್ದು ಸಾಲಲಿಲ್ಲ. ನೋಯುವ ಕಾಲನ್ನು ಮೆಲ್ಲಗೆ ಮಡಿಸಿ ಮಲಗಿ, ಗಲ್ಲವನ್ನು ನೆಲಕ್ಕೆ ತಾಗಿಸಿದಳು. ಅವಳ ಕಣ್ಣು ಪಾಚಿಯ ಮಟ್ಟಕ್ಕೆ ಬಂತು. ಅಲ್ಲಿಂದ ನೋಡಿದಾಗ ಮರಗಳು ಆಕಾಶದವರೆಗೆ ಎದ್ದಿದ್ದವು.

"ಈಗ ಕೆಳಗಿಂದ ಕಾಣ್ತಾ ಇದೆ," ಎಂದಳು.

ಸೂಜವ್ವ ಪಕ್ಕದಲ್ಲಿ ಕೂತಳು. ದೊಡ್ಡವ್ವ ಸೊಂಡಿಲಿನ ತುದಿಯಿಂದ ಬುಡ ಕೂಡಿದ ಎರಡು ಮರಗಳ ನಡುವಿನ ಜಾಗ ತೋರಿಸಿದಳು.

"ನಮ್ಮಮ್ಮ ಇಲ್ಲಿ ನಿಲ್ಲುತ್ತಿದ್ದಳು," ಎಂದಳು. ಆಮೇಲೆ ಬಿಸಿಲೇರುವವರೆಗೂ ಅವಳು ಒಂದೊಂದಾಗಿ ಹೇಳುತ್ತಾ ಹೋದಳು, ಸೂಜವ್ವ ಕೇಳುತ್ತಾ ಕೂತಳು.

ನೀತಿ: ಇನ್ನೊಬ್ಬರ ಕೆಲಸವನ್ನು ಕದ್ದು ತನ್ನದೆಂದು ತೋರಿಸಿಕೊಳ್ಳಬಹುದು, ಆದರೆ ಅದರ ಹಿಂದಿನ ತಿಳಿವಳಿಕೆಯನ್ನು ಕದಿಯಲಾಗದು. ಆ ಕೆಲಸವನ್ನು ಉಳಿಸಿಕೊಳ್ಳಬೇಕಾದ ದಿನ ಕಳ್ಳ ತಾನಾಗಿಯೇ ಸಿಕ್ಕಿಬೀಳುತ್ತಾನೆ.